ಕಟ್ಟಡದ ನೆಲದಲ್ಲಿ ಮಣ್ಣು ತಡೆಯುವ ಬಟ್ಟೆಯ ಬೇಲಿ

ಮನೆ ಕಟ್ಟಿಸುವಾಗ ನಾವು ಇಟ್ಟಿಗೆ, ಸಿಮೆಂಟು, ಮರ, ಕಬ್ಬಿಣಗಳ ಲೆಕ್ಕವನ್ನು ಬಹು ಜಾಗ್ರತೆಯಿಂದ ಇಡುತ್ತೇವೆ. ಪಾಯ ತೋಡಿದ ಮಣ್ಣಿನ ಲೆಕ್ಕವನ್ನು ಇಡುವವರು ವಿರಳ. ಅದು ಬೀದಿಯ ಅಂಚಿನಲ್ಲಿ ರಾಶಿಯಾಗಿ ಬಿದ್ದಿರುತ್ತದೆ. ಬಿರುಸಾದ ಒಂದು ಮಳೆಗೆ ಅದರಲ್ಲಿ ಒಂದು ಪಾಲು ಕಾಣೆಯಾಗುತ್ತದೆ. ಕಾಣೆಯಾದ ಮಣ್ಣು ಎಲ್ಲಿಗೆ ಹೋಗುವುದೆಂಬುದನ್ನೂ, ಅದನ್ನು ಅಲ್ಲಿಯೇ ನಿಲ್ಲಿಸುವ ಸುಲಭವಾದ ಉಪಾಯವನ್ನೂ ತಿಳಿಯುವುದೇ ಈ ಪಾಠದ ಉದ್ದೇಶ.

ಬೆಂಗಳೂರಿನ ತಿಲಕ್ ನಗರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ಬೀದಿಗಳು ಕಿರಿದು, ನಿವೇಶನಗಳು ಚಿಕ್ಕವು. ಹಳೆಯ ಮನೆಯನ್ನು ಕೆಡವಿ ಅಂತಸ್ತಿನ ಮನೆ ಕಟ್ಟಿಸುವವರಿಗೆ ಮಣ್ಣನ್ನೂ ಮರಳನ್ನೂ ಹಾಕಲು ಬೀದಿಯಲ್ಲದೆ ಬೇರೆ ಸ್ಥಳ ದೊರೆಯುವುದು ಕಷ್ಟ. ನಗರದ ಈ ಭಾಗದ ಮಳೆಯ ನೀರು ಮೋರಿಗಳಿಂದ ರಾಜಕಾಲುವೆಗೂ, ಅಲ್ಲಿಂದ ಬೆಳ್ಳಂದೂರು ಕೆರೆಗೂ, ಅನಂತರ ವರ್ತೂರು ಕೆರೆಗೂ ಇಳಿದು, ಕಡೆಗೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ನೀರಿನ ಓಟವು ಎಲ್ಲೆಲ್ಲಿ ತಗ್ಗುವುದೋ ಅಲ್ಲಲ್ಲಿ ಅದು ಹೊತ್ತು ತಂದ ಮಣ್ಣು ಕೆಳಗೆ ಕೂರುತ್ತದೆ. ಮೋರಿಯಲ್ಲಿ ಕೂತ ಒಂದು ಬುಟ್ಟಿ ಮಣ್ಣು ಮುಂದಿನ ಮಳೆಯ ಅಷ್ಟು ನೀರಿನ ಸ್ಥಳವನ್ನು ಕಸಿದುಕೊಂಡಂತೆಯೇ. ಹೂಳು ತುಂಬಿದ ಮೋರಿಯ ನೀರು ಉಕ್ಕಿ, ತಗ್ಗಿನಲ್ಲಿರುವ ಮನೆಗಳ ಹೊಸ್ತಿಲನ್ನು ದಾಟುತ್ತದೆ. ಹೀಗೆ ಮೇಲಣ ಬೀದಿಯವರ ಅಲಕ್ಷ್ಯಕ್ಕೆ ಕೆಳಗಣ ಬೀದಿಯವರು ದಂಡ ತೆರುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಲಿನ ಬಡಾವಣೆಗಳು ಜಲಾವೃತವಾದುದಕ್ಕೆ ಕಾರಣಗಳು ಹಲವು. ಕಾಲುವೆಗಳ ಒತ್ತುವರಿಯೊಡನೆ ಹೂಳೂ ಅವುಗಳಲ್ಲಿ ಒಂದಾಗಿತ್ತು.

ಈ ಮಣ್ಣನ್ನು ಹೊರಟಲ್ಲಿಯೇ ತಡೆಯಲು ಅನೇಕ ದೇಶಗಳಲ್ಲಿ ಬಳಸುವ ಸಾಧನವೇ ಬಟ್ಟೆಯ ಬೇಲಿ. ಪಾಲಿಪ್ರೊಪಿಲೀನ್ ಎಂಬ ಕೃತಕ ನೂಲಿನಿಂದ ನೇಯ್ದ ಗಟ್ಟಿ ಬಟ್ಟೆಯನ್ನು ಗೂಟಗಳಿಗೆ ಬಿಗಿದು, ನೆಲದ ತಗ್ಗಿನ ಕಡೆಯಲ್ಲಿ ನಿಲ್ಲಿಸುತ್ತಾರೆ. ಕೆಲಸ ಮುಗಿದ ಮೇಲೆ ಕಿತ್ತುಬಿಡುವ ತಾತ್ಕಾಲಿಕ ತಡೆ ಇದು. ನಮ್ಮ ರೈತರು ಹೊಲಕ್ಕೆ ಹಾಕುವ ಬದುವಿನ ತತ್ತ್ವವೇ ಇದರಲ್ಲಿಯೂ ಉಂಟು.

ಬಟ್ಟೆಯು ಜರಡಿಯಂತೆ ಮಣ್ಣನ್ನು ಸೋಸುವುದೆಂದು ಅನೇಕರು ಭಾವಿಸುತ್ತಾರೆ. ಅದರ ಮುಖ್ಯವಾದ ಕೆಲಸವು ಸೋಸುವುದಲ್ಲ, ನೀರನ್ನು ನಿಲ್ಲಿಸುವುದು. ಒಂದು ಗಾಜಿನ ಭರಣಿಯಲ್ಲಿ ನೀರನ್ನೂ ಒಂದು ಹಿಡಿ ಕೆಮ್ಮಣ್ಣನ್ನೂ ಹಾಕಿ ಕಲಕಿ ಇಟ್ಟು ನೋಡಿರಿ. ಮರಳು ಒಡನೆಯೇ ತಳ ಸೇರುತ್ತದೆ. ನುಣುಪಾದ ಮಣ್ಣು ತಡವಾಗಿ ಇಳಿಯುತ್ತದೆ. ಜೇಡಿಯಿಂದ ನೀರು ಮರುದಿನವೂ ಕೆಂಪಾಗಿರುತ್ತದೆ. ಇದರ ನಿಯಮವನ್ನು ಸ್ಟೋಕ್ಸ್ ಎಂಬ ವಿಜ್ಞಾನಿಯು 1851ರಲ್ಲಿ ಪ್ರಕಟಿಸಿದನು. ಅದರ ಪ್ರಕಾರ ನಿಂತ ನೀರಿನಲ್ಲಿ ಒಂದು ಅಡಿ ಇಳಿಯಲು, ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುವ ಮರಳಿನ ಕಣಕ್ಕೆ ಒಂದು ನಿಮಿಷವೂ ಬೇಡ. ನೂರನೆಯ ಒಂದು ಭಾಗದಷ್ಟಿರುವ ಕಣಕ್ಕೆ ಸುಮಾರು 1 ಗಂಟೆ ಬೇಕು. ಸಾವಿರದ ಒಂದು ಭಾಗದಷ್ಟಿರುವ ಜೇಡಿಯ ಕಣಕ್ಕೆ ಸುಮಾರು 4 ದಿನ ಬೇಕು. ಬೇಲಿಯ ಹಿಂದೆ ನೀರು ತುಸು ಹೊತ್ತು ನಿಂತರೂ ಮರಳೂ ದಪ್ಪ ಮಣ್ಣೂ ಅಲ್ಲಿಯೇ ಉಳಿಯುತ್ತವೆ. ಜೇಡಿಯು ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಆದಕಾರಣ ಮಣ್ಣಿನ ರಾಶಿಯ ಮೇಲೆ ಟಾರ್ಪಾಲನ್ನು ಹೊದಿಸುವುದೂ ಅವಶ್ಯ.

ಬೇಲಿಯನ್ನು ಹಾಕುವ ಕ್ರಮವು ಹೀಗಿದೆ. ಮೊದಲು ತಗ್ಗಿನ ಕಡೆಯಲ್ಲಿ, ನೆಲವು ಸಮಮಟ್ಟವಾಗಿರುವ ಗೆರೆಯನ್ನು ಹಿಡಿದು, 6 ಅಂಗುಲ ಅಗಲ, 6 ಅಂಗುಲ ಆಳದ ಕಿರುಗಾಲುವೆಯನ್ನು ತೋಡಬೇಕು. ಅದರ ತಗ್ಗಿನ ಅಂಚಿನಲ್ಲಿ ಸುಮಾರು 6 ಅಡಿಗೆ ಒಂದರಂತೆ ಗೂಟಗಳನ್ನು ಆಳವಾಗಿ ಹೊಡೆದು, ನೀರು ಬರುವ ಕಡೆಯಿಂದ ಬಟ್ಟೆಯನ್ನು ಬಿಗಿಯಬೇಕು. ಬಟ್ಟೆಯು ನೆಲದ ಮೇಲೆ 2ರಿಂದ 3 ಅಡಿ ಎತ್ತರವಿದ್ದರೆ ಸಾಕು. ಅದರ ಕೆಳ ಅಂಚನ್ನು ಕಾಲುವೆಯೊಳಗೆ ಇಳಿಬಿಟ್ಟು, ಮಣ್ಣು ತುಂಬಿ ಚೆನ್ನಾಗಿ ದಿಮ್ಮಿಸಬೇಕು. ಇದೇ ಕೆಲಸದ ಜೀವಾಳ. ಅಂಚನ್ನು ಹೂಳದ ಬೇಲಿಯ ಕೆಳಗಿನಿಂದ ನೀರೂ ಮಣ್ಣೂ ನುಸುಳಿಹೋಗುತ್ತವೆ. ಧೂಳಿಗಾಗಿ ಕಟ್ಟಡಗಳಿಗೆ ಇಳಿಬಿಡುವ ಹಸುರು ಬಲೆಯು ಈ ಕೆಲಸಕ್ಕೆ ಬಾರದಿರುವುದು ಇದರಿಂದಲೇ ವಿದಿತವಾಗುತ್ತದೆ. ನೀರು ಬಳಸಿಕೊಂಡು ಹೋಗದಂತೆ ಬೇಲಿಯ ಎರಡು ತುದಿಗಳನ್ನೂ ಎತ್ತರದ ಕಡೆಗೆ ಬಾಗಿಸಬೇಕು.

100 ಅಡಿ ಉದ್ದದ ಬೇಲಿಗೆ 10 ಗುಂಟೆಗಿಂತ ಹೆಚ್ಚು ನೆಲದ ನೀರು ಬರಬಾರದೆಂಬುದು ವಾಡಿಕೆಯ ಮಿತಿ. 30 ಅಡಿಗೆ 40 ಅಡಿಯ ನಿವೇಶನವು ಒಂದು ಗುಂಟೆಗಿಂತ ತುಸುವೇ ದೊಡ್ಡದಾದುದರಿಂದ, ತಗ್ಗಿನ ಒಂದು ಕಡೆಗೆ 30 ಅಡಿಯ ಬೇಲಿಯೇ ಧಾರಾಳವಾಯಿತು. ಆದರೆ ರಭಸದಿಂದ ಹರಿಯುವ ಮೋರಿಗೂ ಕಾಲುವೆಗೂ ಇದನ್ನು ಅಡ್ಡ ಕಟ್ಟಲಾಗದು. ಕಟ್ಟಿದರೆ ನೀರು ಬೇಲಿಯನ್ನೇ ಕಿತ್ತೊಯ್ಯುವುದು.

ಪ್ರತಿಯೊಂದು ಮಳೆಯ ಅನಂತರವೂ ಬೇಲಿಯನ್ನು ನೋಡತಕ್ಕದ್ದು. ಹರಿದಲ್ಲಿ ಹೊಸ ಬಟ್ಟೆಯನ್ನು ಹಾಕಬೇಕು. ಮಣ್ಣು ಬೇಲಿಯ ಎತ್ತರದ ಅರ್ಧಕ್ಕೆ ಬರುವ ಮೊದಲೇ ತೆಗೆಯಬೇಕು. ತೆಗೆದ ಮಣ್ಣನ್ನು ಮೋರಿಗೆ ಹಾಕಿದರೆ ಪಟ್ಟ ಶ್ರಮವೆಲ್ಲವೂ ವ್ಯರ್ಥ. ಅದನ್ನು ಪಾಯದೊಳಗಣ ಭರ್ತಿಗೆ ಬಳಸಬಹುದು. ಕಟ್ಟಡವು ಮುಗಿದು, ಅಂಗಳಕ್ಕೆ ಕಲ್ಲು ಹಾಸಿದ ಮೇಲೆ ಅಥವಾ ಹುಲ್ಲು ಬೇರೂರಿದ ಮೇಲೆ ಬೇಲಿಯನ್ನು ಕೀಳಬಹುದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ಮನೆ ಕಟ್ಟಿಸುವವರು ಇದ್ದೇ ಇರುವರು. ಕೆಲವು ಗಜ ಬಟ್ಟೆ, ಕೆಲವು ಗೂಟ, ಇಬ್ಬರು ಆಳುಗಳ ಕೆಲಸ, ಇಷ್ಟೇ ಇದಕ್ಕೆ ಬೇಕಾದುದು. ಪಾಯಕ್ಕೆ ಗುದ್ದಲಿ ಹಾಕುವ ಮೊದಲೇ, ತೋಡಿದ ಮಣ್ಣು ಮಳೆ ಬಂದರೆ ಎತ್ತ ಹೋಗುವುದೆಂದು ಮೇಸ್ತ್ರಿಯನ್ನು ಕೇಳಿರಿ. ಸರಿಯಾದ ಉತ್ತರ ದೊರೆಯುವ ತನಕ ಕೆಲಸ ಆರಂಭಿಸಬೇಡಿರಿ. ತಗ್ಗಿನ ಮನೆಯಲ್ಲಿ ಮಗುವನ್ನು ಮಲಗಿಸಿದ ತಾಯಿಗೆ ನೀವು ಮಾಡಬಹುದಾದ ಉಪಕಾರಗಳಲ್ಲಿ ಇದು ಚಿಕ್ಕದೇನೂ ಅಲ್ಲ.