ಕೆಲಸಕ್ಕೆ ಯಾವಾಗ ಅಂತ ಕೇಳಿದ್ದೀಯ

ಪುಟ್ಟಿ,

ಕೂಸಿಗೆ ನಾಲ್ಕೂವರೆ ತಿಂಗಳು, ರಜೆ ಇನ್ನು ಆರೇ ವಾರ. ನಿಮ್ಮಮ್ಮ ‘ವರ್ಷ ತುಂಬಲಿ’ ಅನ್ನುತ್ತಾಳೆ, ನಿಮ್ಮತ್ತೆ ‘ಸ್ಕೂಲಿಗೆ ಸೇರಿಸಿದ ಮೇಲೆ ನೋಡ್ಕೊಂಡ್ರಾಯ್ತು’ ಅನ್ನುತ್ತಾರೆ, ಮ್ಯಾನೇಜರು ತಾರೀಕು ಕೇಳಿ ಆಗಲೇ ಮೇಲ್ ಹಾಕಿದ್ದಾರೆ. ಇಷ್ಟು ಜನರ ನಡುವೆ ದೊಡ್ಡಮ್ಮನದೂ ಒಂದು ಮಾತಿರಲಿ ಅಂತ ಕೇಳಿದ್ದೀಯ. ನಾನು ಡಾಕ್ಟರಲ್ಲ. ರಿಟೈರ್ ಆಗುವವರೆಗೂ ಖಾಸಗಿ ಕಾರ್ಖಾನೆಯೊಂದರ ಸಂಬಳ ವಿಭಾಗದಲ್ಲಿ ಕೂತು, ಕೆಲಸ ಬಿಟ್ಟು ಹೋಗುವವರ ಲೆಕ್ಕ ಚುಕ್ತಾ ಮಾಡಿದವಳು. ಹೆರಿಗೆಯಾದ ಹುಡುಗಿಯರ ರಾಜೀನಾಮೆ ಪತ್ರಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಲೆಕ್ಕದ ವಾಸನೆ ಬರುತ್ತೆ, ಸಹಿಸಿಕೋ.

ಆರು ತಿಂಗಳು ಅನ್ನುವುದನ್ನು ತುಂಬಾ ಹಚ್ಚಿಕೊಳ್ಳಬೇಡ. 26 ವಾರದ ಹೆರಿಗೆ ರಜೆ 2017ರ ತಿದ್ದುಪಡಿಯಲ್ಲಿ ಬಂದಿದ್ದು. ಅದಕ್ಕೆ ಮುಂಚೆ ಇದ್ದದ್ದು 12 ವಾರ. ನಮ್ಮಲ್ಲಿ ಹುಡುಗಿಯರು ಕುತ್ತಿಗೆ ನಿಲ್ಲದ ಕೂಸನ್ನು ಬಿಟ್ಟು ಶಿಫ್ಟಿಗೆ ಬರುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ರವಿಕೆ ಒದ್ದೆಯಾಗಿರುತ್ತಿತ್ತು. ಈಗಿನದು ಅದಕ್ಕಿಂತ ಎಷ್ಟೋ ವಾಸಿ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಅಂತ ಡಾಕ್ಟರುಗಳು ಹೇಳುವುದಕ್ಕೂ ಈ ರಜೆಗೂ ಹೆಚ್ಚುಕಡಿಮೆ ತಾಳೆಯಾಗುತ್ತೆ. ಆಮೇಲೆ ರಾಗಿ ಸರಿ ಶುರುವಾದರೆ ಉಣಿಸುವುದಕ್ಕೆ ನಿನ್ನ ಕೈಯೇ ಬೇಕು ಅಂತಿಲ್ಲ. ಇನ್ನೆರಡು ತಿಂಗಳು ತಳ್ಳಿದರೆ ಬಿಟ್ಟುಬರುವುದು ಸುಲಭವಾಗುತ್ತೆ ಅಂತ ಎಣಿಸಿದ್ದರೆ, ಅದೂ ನಿಜವಲ್ಲ. ಆರು ತಿಂಗಳಲ್ಲಿ ಯಾರು ಎತ್ತಿಕೊಂಡರೂ ನಗುವ ಕೂಸೇ ಎಂಟೊಂಬತ್ತು ತಿಂಗಳಿಗೆ ಹೊಸಬರನ್ನು ಕಂಡರೆ ಚೀರಿ ನಿನ್ನ ಸೆರಗು ಹಿಡಿಯುತ್ತೆ. ಅದು ಬೆಳವಣಿಗೆ, ತಪ್ಪೇನಿಲ್ಲ. ಆದರೆ ಆ ಹೊತ್ತಿಗೆ ಹೊಸ ಆಯಾ, ಹೊಸ ಜಾಗ, ಎಲ್ಲವನ್ನೂ ಒಟ್ಟಿಗೆ ತಂದಿಟ್ಟರೆ ಇಬ್ಬರಿಗೂ ಗೋಳು.

ನಿಮ್ಮತ್ತೆ ಹೇಳುವ ‘ಸ್ಕೂಲಿಗೆ ಸೇರಿಸಿದ ಮೇಲೆ’ ಇದೆಯಲ್ಲ, ಅದರ ಬಗ್ಗೆ ನನಗೆ ದೊಡ್ಡ ತಕರಾರಿದೆ. ಅವರಿಗೆ ಎದುರಾಡು ಅಂತಲ್ಲ, ನೀನು ಮನಸ್ಸಿನಲ್ಲಿ ಲೆಕ್ಕ ಹಾಕು. ಎಲ್‌ಕೆಜಿ ಮಧ್ಯಾಹ್ನ ಹನ್ನೆರಡೂವರೆಗೆ ಬಿಡುತ್ತೆ. ವ್ಯಾನು ಗೇಟಿನ ಹತ್ತಿರ ಬಂದು ಹಾರ್ನ್ ಹೊಡೆಯುವಾಗ ನೀನು ಮಾರತ್‌ಹಳ್ಳಿಯಲ್ಲಿ ಯಾವುದೋ ಮೀಟಿಂಗಿನಲ್ಲಿರುತ್ತೀಯ. ಏಪ್ರಿಲ್‌ನಲ್ಲಿ ಬಾಗಿಲು ಹಾಕಿದರೆ ತೆಗೆಯುವುದು ಮೇ ಕೊನೆಗೆ. ದಸರಾ ರಜೆ ಬೇರೆ. ಮಳೆ ಜೋರಾದರೆ ರಜೆ. ಮೊದಲ ವರ್ಷವಂತೂ ಒಂದು ಶೀತ ಹೋಗುವಷ್ಟರಲ್ಲಿ ಇನ್ನೊಂದನ್ನು ಹೊತ್ತು ತರುತ್ತವೆ. ಒಂದನೇ ಕ್ಲಾಸಾಯಿತು ಅಂದರೆ ಹೋಂವರ್ಕು, ಅದು ಮುಗಿಯಿತು ಅಂದರೆ ಎಸ್ಸೆಸ್ಸೆಲ್ಸಿ. ‘ಸ್ಕೂಲಿಗೆ ಹಾಕಿ ಬರ್ತೀನಿ ಮೇಡಂ’ ಅಂತ ನನ್ನ ಮೇಜಿನ ಮುಂದೆ ನಿಂತು ಹೇಳಿ ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ಬಂದವರೂ ಹಳೆಯ ಜಾಗಕ್ಕೆ ಬರಲಿಲ್ಲ, ಅದಕ್ಕಿಂತ ಕೆಳಗಿನ ಜಾಗಕ್ಕೆ ಬಂದರು.

ನಾನು ಕಂಡಂತೆ ಎಳೆಗೂಸಿಗೆ ಬೇಕಾದದ್ದು ಪ್ರೀತಿಯಿಂದ ಎತ್ತಿಕೊಳ್ಳುವ, ಹೊತ್ತಿಗೆ ಸರಿಯಾಗಿ ಉಣಿಸುವ, ದಿನಾ ಅದೇ ಆಗಿರುವ ಒಂದು ಜೊತೆ ಕೈ. ಅದು ದಿನವಿಡೀ ನಿನ್ನದೇ ಆಗಬೇಕಿಲ್ಲ. ಎಂಟು ವರ್ಷದವಳು ಮಾತ್ರ ಸಂಜೆ ನಾಲ್ಕಕ್ಕೆ ಬಂದು ‘ಇವತ್ತು ಮಿಸ್ಸು ನನ್ನನ್ನ ಹೊರಗೆ ನಿಲ್ಲಿಸಿದ್ರು’ ಅಂತ ಹೇಳಿಕೊಳ್ಳುವುದಕ್ಕೆ ಅಮ್ಮನನ್ನೋ ಅಪ್ಪನನ್ನೋ ಹುಡುಕುತ್ತಾಳೆ, ಆಯಾಗೆ ಹೇಳುವುದಿಲ್ಲ. ಬಿಡುವು, ಬೇಗ ಮನೆಗೆ ಬರುವ ಸೌಕರ್ಯ, ಮನೆಯಿಂದಲೇ ಕೆಲಸ, ಇವನ್ನೆಲ್ಲ ಆ ವಯಸ್ಸಿಗೂ ಉಳಿಸಿಕೊಳ್ಳಬೇಕು. ಅದು ಸಿಗುವುದು ಕೆಲಸದಲ್ಲಿ ಒಂದಿಷ್ಟು ಕಾಲ ನಿಂತು ಹೆಸರು ಮಾಡಿದವರಿಗೆ. ಕೇಂದ್ರ ಸರ್ಕಾರದವರು ಇದನ್ನು ಅರ್ಥಮಾಡಿಕೊಂಡೇ ಮಗುವಿಗೆ 18 ತುಂಬುವವರೆಗೆ ಯಾವಾಗ ಬೇಕಾದರೂ ಬಳಸಿಕೊಳ್ಳಿ ಅಂತ 730 ದಿನದ ಶಿಶುಪಾಲನಾ ರಜೆ ಇಟ್ಟಿದ್ದಾರೆ. ನಮ್ಮ ರಾಜ್ಯ ಸರ್ಕಾರವೂ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳು ಕೊಟ್ಟಿತು. ನಿನ್ನಂಥ ಖಾಸಗಿ ಕಂಪನಿಯವಳಿಗೆ ಅದಿಲ್ಲ. ಆದ್ದರಿಂದ ಸರ್ಕಾರಿ ಕೆಲಸದ ವಾರಗಿತ್ತಿ ಎರಡು ವರ್ಷ ಮನೆಯಲ್ಲಿದ್ದಳು ಅಂತ ಅವಳ ಜೊತೆ ನಿನ್ನನ್ನು ತೂಗಬೇಡ. ಅವಳು ರಜೆಯಲ್ಲಿದ್ದಳು, ನೀನು ಕೆಲಸವನ್ನೇ ಬಿಡಬೇಕಾಗುತ್ತೆ.

ಹಾಗಾದರೆ ಯಾವುದನ್ನು ನೋಡಿ ತೀರ್ಮಾನಿಸಬೇಕು? ಮಗುವಿಗೆ ಜ್ವರ ಬಂದ ದಿನ ಯಾರ ರಜೆ ಹೋಗುತ್ತೆ ಅನ್ನುವುದು ನಿಮ್ಮ ಮನೆಯಲ್ಲಿ ಇತ್ಯರ್ಥವಾಗಿದೆಯಾ? ಆಗಿದ್ದರೆ ನೀನು ಹೊರಡಬಹುದು. ಆಗದಿದ್ದರೆ ಮಗುವಿಗೆ ಮೂರು ವರ್ಷವಾದರೂ ಹೊರಡಲಾರೆ. ಖಾಸಗಿ ಕಂಪನಿಯ ಅಪ್ಪಂದಿರಿಗೆ ರಜೆ ಕೊಡಲೇಬೇಕು ಅನ್ನುವ ಕಾನೂನಿಲ್ಲ, ನಿಜ. ಅವನ ಸಿಕ್ ಲೀವು ಕ್ಯಾಶುಯಲ್ ಲೀವುಗಳಿಗೇನಾಗಿದೆ? ಮೊದಲ ಜ್ವರಕ್ಕೆ ಅವನೇ ಕೂರಲಿ. ಮೊದಲ ಸಲ ನೀನು ಕೂತರೆ ಅದೇ ಪದ್ಧತಿಯಾಗಿಬಿಡುತ್ತೆ, ಆಮೇಲೆ ಡೇಕೇರಿನವರು ಅವನ ನಂಬರನ್ನು ಒತ್ತುವುದೇ ಇಲ್ಲ. ಸಂಜೆ ಐದರಿಂದ ಎಂಟರವರೆಗಿನ ಹೊತ್ತೂ ಹಾಗೇ. ಬೆಳಿಗ್ಗೆ ಹೇಗೋ ನಡೆದುಹೋಗುತ್ತೆ. ಸಂಜೆ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಬಿದ್ದವರು ನೀವಿಬ್ಬರೂ ಆದರೆ ಮಗು ಯಾರ ಕೈಯಲ್ಲಿ?

ಅಜ್ಜಿ ಇದ್ದಾರಲ್ಲ ಅನ್ನುತ್ತೀಯ. ನಿಮ್ಮತ್ತೆ ‘ನಾನಿದ್ದೀನಿ ಬಿಡಮ್ಮ’ ಅಂದಿರುತ್ತಾರೆ, ಮಗನೆದುರು ಬೇರೆ ಏನು ಹೇಳಿಯಾರು? ಅವರೊಬ್ಬರೇ ಇದ್ದಾಗ, ಅವರೆಕಾಳು ಸುಲಿಯುತ್ತಲೋ ಬಟ್ಟೆ ಮಡಿಸುತ್ತಲೋ ಕೇಳು: ಮಂಡಿ ನೋವು ಹೇಗಿದೆ, ಮಧ್ಯಾಹ್ನ ಮಲಗದಿದ್ದರೆ ಆಗುತ್ತಾ, ಭಜನೆ ಮಂಡಳಿ ತಪ್ಪಿದರೆ ಬೇಜಾರಾ ಅಂತ. ಅವರ ಕೈಗೆ ಮಗು ಕೊಡುವುದಾದರೆ ಜೊತೆಗೊಬ್ಬ ಕೆಲಸದವಳನ್ನೂ ಕೊಡು, ಶನಿವಾರ ಭಾನುವಾರ ಅವರಿಗೆ ಬಿಟ್ಟುಕೊಡು. ಸಂಬಳವಿಲ್ಲದ ಆಯಾ ಮಾಡಿಕೊಳ್ಳಬೇಡ.

ಇನ್ನು ದುಡ್ಡು. ‘ಡೇಕೇರಿಗೆ, ಕ್ಯಾಬಿಗೆ ಕೊಟ್ಟು ನನ್ನ ಸಂಬಳದಲ್ಲಿ ಉಳಿಯೋದೇನು ದೊಡ್ಡಮ್ಮ’ ಅಂದೆ. ಆ ಖರ್ಚನ್ನು ನಿನ್ನ ಸಂಬಳದಿಂದಲೇ ಕಳೆಯಬೇಕು ಅಂತ ಯಾರು ಹೇಳಿದರು? ಮಗು ಇಬ್ಬರದು, ಎರಡು ಸಂಬಳ ಕೂಡಿಸಿ ಕಳಿ. ಮತ್ತೆ, ಲೆಕ್ಕ ಈ ವರ್ಷದ್ದಷ್ಟೇ ಅಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿದ್ದೂ ಅದೇ: ಒಂದೇ ಕಸುಬಿನಲ್ಲಿರುವ ಗಂಡಸು ಹೆಂಗಸರ ಸಂಪಾದನೆಯಲ್ಲಿ ಈಗ ಕಾಣುವ ಅಂತರ ಬಹುಪಾಲು ಮೊದಲ ಮಗುವಿನಿಂದಾಚೆಗೆ ಹುಟ್ಟಿದ್ದು. ಆಕೆ ಅಮೆರಿಕದ ಲೆಕ್ಕ ಹಿಡಿದು ಹೇಳಿದ್ದನ್ನು ನಾನು ಸಂಬಳದ ಪಟ್ಟಿಯಲ್ಲೇ ನೋಡಿದ್ದೆ.

ನೀನು ಈ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಎಂಟು ತಿಂಗಳಾಗಿದೆ, ಅಲ್ಲವಾ? ಐದು ತುಂಬಿದರೆ ಗ್ರಾಚ್ಯುಟಿ: ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕ. ಹೆರಿಗೆ ರಜೆಯೂ 26 ವಾರದವರೆಗೆ ಸರ್ವಿಸಿನಲ್ಲೇ ಸೇರುತ್ತೆ. ನಾಲ್ಕು ತಿಂಗಳಿಗಾಗಿ ಅದನ್ನು ಕಳೆದುಕೊಂಡು ಹೋದವರ ಫೈಲು ಮುಚ್ಚುವಾಗ ನನಗೇ ಹೊಟ್ಟೆ ಉರಿಯುತ್ತಿತ್ತು, ಕೆಲವರನ್ನು ಕರೆದು ಕೂರಿಸಿ ಹೇಳಿದ್ದೂ ಉಂಟು. ಒಂದು ವೇಳೆ ಬಿಟ್ಟೇಬಿಡುತ್ತೀಯ ಅಂತಲೇ ಇಟ್ಟುಕೋ, ಪಿಎಫ್ ಮಾತ್ರ ತೆಗೆದು ಕಾರಿಗೆ ಹಾಕಬೇಡ. ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೀಳುತ್ತೆ. ಅದರ ಪಿಂಚಣಿಗೆ ಹತ್ತು ವರ್ಷದ ಸರ್ವಿಸ್ ಬೇಕು, ಸ್ಕೀಮ್ ಸರ್ಟಿಫಿಕೇಟ್ ತೆಗೆದಿಟ್ಟರೆ ಈಗಿನ ವರ್ಷಗಳು ಮುಂದಿನ ಕೆಲಸದ ಜೊತೆ ಕೂಡುತ್ತವೆ.

ಬಿಡಬಾರದು ಅಂತ ನಾನು ಹೇಳುತ್ತಿಲ್ಲ. ಮಗುವಿನ ಜೊತೆಯಲ್ಲೇ ಇರಬೇಕು ಅನ್ನಿಸಿದರೆ ಇರು, ಅದಕ್ಕೆ ಯಾರ ಹತ್ತಿರವೂ ಕಾರಣ ಕೊಡಬೇಕಿಲ್ಲ. ಆದರೆ ಗಂಡನ ಹತ್ತಿರ ಮೊದಲೇ ಕೂತು ಮಾತಾಡು, ತಿಂಗಳಿಗೆ ಇಷ್ಟು ಅಂತ ನಿನ್ನ ಖಾತೆಗೆ ಬೀಳಲಿ. ಕೇಳಿ ಪಡೆಯುವ ದುಡ್ಡು ಎರಡನೇ ವರ್ಷದಿಂದ ಮನೆಯ ಗಾಳಿ ಕೆಡಿಸುತ್ತೆ. ಮತ್ತೆ, ರಾಜೀನಾಮೆಯನ್ನು ಈಗ ಬರೆಯಬೇಡ. ರಾತ್ರಿ ಮೂರು ಸಲ ಏಳುತ್ತಿರುವವಳು ಬರೆಯುವ ಕಾಗದವಲ್ಲ ಅದು. ಒಂದಷ್ಟು ತಿಂಗಳು ಹೋಗಿ ನೋಡಿ, ಆಮೇಲೂ ಬೇಡ ಅನ್ನಿಸಿದರೆ ಬರಿ.

ಹೋಗುವುದಾದರೆ ಗುರುವಾರ ಹೋಗು, ಎರಡೇ ದಿನಕ್ಕೆ ವಾರ ಮುಗಿಯುತ್ತೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು, ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ಎರಡು ಬಿಡುವು ಉಂಟು. ಇವನ್ನು ಹೆಚ್‌ಆರ್‌ನವರ ಹತ್ತಿರ ಮೇಲ್‌ನಲ್ಲೇ ಕೇಳು, ಬಾಯಿಮಾತಿನಲ್ಲಿ ಕೇಳಿದರೆ ನಕ್ಕು ಕಳಿಸುತ್ತಾರೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲೇ ‘ಕೂಸಿನ ಮನೆ’ ತೆರೆದಿರುವಾಗ ನಿಮ್ಮ ಗಾಜಿನ ಕಟ್ಟಡಕ್ಕೆ ಒಂದು ಕೋಣೆ ಸಿಗುವುದಿಲ್ಲವಾ?

ಮನೆ ಹತ್ತಿರದ ಡೇಕೇರನ್ನು ಬೆಳಿಗ್ಗೆ ಹತ್ತಕ್ಕೆ ನೋಡಿ ಬಂದೆಯಂತೆ. ಆಗ ಎಲ್ಲವೂ ಚೆನ್ನಾಗಿಯೇ ಕಾಣುತ್ತೆ, ನೆಲ ಒರೆಸಿರುತ್ತೆ, ಗೋಡೆಯ ಮೇಲೆ ಆನೆ ಮೊಲ ನಗುತ್ತಿರುತ್ತವೆ. ಮಧ್ಯಾಹ್ನ ಮೂರೂವರೆಗೆ ಹೋಗಬೇಕು, ಮಕ್ಕಳು ನಿದ್ದೆಯಿಂದ ಏಳುವ ಹೊತ್ತು. ಎಷ್ಟು ಕೂಸಿಗೆ ಒಬ್ಬ ಆಯಾ, ಅಳುವ ಕೂಸನ್ನು ಹೆಸರು ಹಿಡಿದು ಕರೆಯುತ್ತಾಳಾ, ಒದ್ದೆ ಡೈಪರು ಎಷ್ಟು ಹೊತ್ತಿನಿಂದಿದೆ, ಟಿವಿ ಓಡುತ್ತಿದೆಯಾ, ಎಲ್ಲ ಆಗ ಗೊತ್ತಾಗುತ್ತೆ. ಬರುವ ಶುಕ್ರವಾರ ನಾನು ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಇಬ್ಬರೂ ಹೋಗೋಣ, ಫೋನ್ ಮಾಡಿ ಹೇಳಬೇಡ.