ಹಳೆಯ ತಪ್ಪಿನ ಹೊರೆ ಇಳಿಸಲು ಆರು ಹೆಜ್ಜೆ

ಆಗಸ್ಟ್ 29ರಂದು ಬಾವುಟ ಏರಿತೆಂದರೆ ಸೆಪ್ಟೆಂಬರ್ 8ರ ಮೇರಿಯಮ್ಮನ ಹಬ್ಬದವರೆಗೂ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾವಿ ಬಟ್ಟೆ ಉಟ್ಟು ಅಲ್ಲಿಗೆ ಬರುವ ಭಕ್ತರಲ್ಲಿ ಹರಕೆ ಹೊತ್ತವರಂತೆ ಹಳೆಯ ತಪ್ಪು ಹೊತ್ತವರೂ ಇರುತ್ತಾರೆ. ಮರೆಯಲು ಹೆಣಗಿದಷ್ಟೂ ತಪ್ಪು ಕಾಡುತ್ತದೆ. ಒಪ್ಪಿಕೊಂಡು, ಸರಿಪಡಿಸಿ, ಕ್ಷಮೆಯನ್ನು ನಂಬುವುದು ಕ್ರೈಸ್ತ ಧರ್ಮ ತೋರುವ ದಾರಿ.

1. ತಪ್ಪನ್ನು ಬರೆಯಿರಿ
‘ನಾನು ಕೆಟ್ಟವಳು’ ಎಂದು ಕೊರಗುವುದರಿಂದ ಪ್ರಯೋಜನವಿಲ್ಲ. ‘ತಂಗಿಯ ಬಳೆ ಅಡವಿಟ್ಟೆ, ಬಿಡಿಸಿಕೊಡಲಿಲ್ಲ’ ಎಂದು ಚೀಟಿಯಲ್ಲಿ ಬಿಡಿಸಿ ಬರೆಯಿರಿ. ಮಗುವಿನ ಕಾಯಿಲೆ, ಗಂಡನ ಸಾವಿನಂತಹ ನಿಮ್ಮ ಕೈಮೀರಿದ ಸಂಗತಿಗಳನ್ನು ಪಾಪದ ಲೆಕ್ಕಕ್ಕೆ ಸೇರಿಸಬೇಡಿ.

2. ಬಿಡುವಿನ ಹೊತ್ತು ಹುಡುಕಿ
ಹಬ್ಬದ ನೂಕುನುಗ್ಗಲಿನಲ್ಲಿ ಮನಸ್ಸು ಬಿಚ್ಚುವುದು ಕಷ್ಟ. ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದೇ ಪಾಪನಿವೇದನೆ. ನಿಮ್ಮ ಧರ್ಮಕೇಂದ್ರದ ಕಚೇರಿಯಲ್ಲಿ ಅದರ ವೇಳೆ ಕೇಳಿ, ವಾರದ ದಿನ ಹೋಗಿ. ಪರಿಚಿತ ಗುರುಗಳ ಮುಂದೆ ಸಂಕೋಚವಾದರೆ ಬೇರೆ ಚರ್ಚಿಗೆ ಹೋಗಬಹುದು. ಕೆ.ಆರ್. ಪುರ, ಇಂದಿರಾನಗರದವರು ನೇರಳೆ ಮಾರ್ಗದ ಮೆಟ್ರೊದಲ್ಲಿ ಎಂ.ಜಿ. ರಸ್ತೆಗೆ ಬಂದು, ಅಲ್ಲಿಂದ ಆಟೊದಲ್ಲಿ ಬೆಸಿಲಿಕಾ ತಲುಪಬಹುದು.

3. ಬಾಯಿಬಿಟ್ಟು ಹೇಳಿ
ಶಿಲುಬೆ ಗುರುತು ಹಾಕಿ, ಹಿಂದಿನ ಪಾಪನಿವೇದನೆ ಯಾವಾಗ ಮಾಡಿದ್ದೆಂದು ತಿಳಿಸಿ, ಚೀಟಿಯಲ್ಲಿರುವುದನ್ನು ಹೇಳಿ. ಕ್ರಮ ಮರೆತಿದ್ದರೆ ‘ಫಾದರ್, ತುಂಬ ವರ್ಷವಾಯಿತು, ಹೇಳಿಕೊಡಿ’ ಎಂದರೆ ಸಾಕು. ಜಾಲರಿಯ ಹಿಂದೆ ಕುಳಿತು ಮುಖ ತೋರಿಸದೆಯೂ ಹೇಳಬಹುದು. ಕೇಳಿದ್ದನ್ನು ಗುರುಗಳು ಯಾರಿಗೂ ತಿಳಿಸುವಂತಿಲ್ಲ. ಬೇಕೆಂದೇ ಬಯಲು ಮಾಡಿದರೆ ಧರ್ಮಸಭೆಯಿಂದ ಬಹಿಷ್ಕಾರ. ಹಲಸೂರು ಬದಿಯ ಟ್ರಿನಿಟಿ ಚರ್ಚಿನಂತಹ ಪ್ರೊಟೆಸ್ಟಂಟರ ಸಿಎಸ್‌ಐ ಸಭೆಗಳಲ್ಲಾದರೆ ಆರಾಧನೆಯ ವೇಳೆ ಎಲ್ಲರೂ ಸೇರಿ ಪಾಪ ಅರಿಕೆ ಮಾಡುತ್ತಾರೆ. ಬೇಕಾದವರು ಸಭಾಪಾಲಕರೊಡನೆ ಪ್ರತ್ಯೇಕವಾಗಿ ಮಾತನಾಡಬಹುದು.

4. ಆದ ನಷ್ಟ ತುಂಬಿಕೊಡಿ
ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದ ಜಕ್ಕಾಯನ ಕಥೆ ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿದೆ. ಒಮ್ಮೆಗೇ ತೀರಿಸಲಾಗದಿದ್ದರೆ ತಿಂಗಳಿಗಿಷ್ಟೆಂದು ಕೊಡಿ. ಮಾತಿನಿಂದ ನೋಯಿಸಿದ್ದರೆ ‘ಅವತ್ತು ತಪ್ಪು ನನ್ನದು’ ಎಂದು ಹೇಳಿ. ‘ಆದರೆ’ ಎಂದು ಮುಂದುವರಿಸಬೇಡಿ. ಅವರು ಕ್ಷಮಿಸದಿದ್ದರೆ ಬಲವಂತ ಬೇಡ. ನೀವು ಹೋದರೆ ಅವರ ಗಾಯ ಮತ್ತೆ ಕೆದಕಿದಂತಾಗುವುದಾದರೆ ಮೊದಲು ಗುರುಗಳ ಸಲಹೆ ಕೇಳಿ. ನೊಂದವರು ತೀರಿಕೊಂಡಿದ್ದರೆ ಸಲ್ಲಬೇಕಾದದ್ದನ್ನು ಅವರ ಮಕ್ಕಳಿಗೆ ಮುಟ್ಟಿಸಿ, ತೀರಿಕೊಂಡವರ ಹೆಸರಿನಲ್ಲಿ ಪೂಜೆ ಹೇಳಿಸಿ.

5. ಚೀಟಿ ಹರಿದುಹಾಕಿ
ಯೇಸುವನ್ನು ಅರಿಯೆನೆಂದು 3 ಸಲ ಹೇಳಿದವನು ಪೇತ್ರ. ಪುನರುತ್ಥಾನದ ನಂತರ ಯೇಸುಸ್ವಾಮಿ ಅವನನ್ನು ‘ನನ್ನ ಮೇಲೆ ಪ್ರೀತಿ ಇದೆಯೇ’ ಎಂದು 3 ಸಲ ಕೇಳಿ, ತಮ್ಮ ಮಂದೆಯನ್ನೇ ವಹಿಸಿದರು. ಒಮ್ಮೆ ಕ್ಷಮೆ ಸಿಕ್ಕ ಪಾಪವನ್ನು ಮತ್ತೆ ಮತ್ತೆ ನಿವೇದಿಸಬೇಕಿಲ್ಲ. ನೆನಪು ಕಾಡಿದಾಗ ಒಂದು ಪುಟ್ಟ ಪ್ರಾರ್ಥನೆ ಹೇಳಿ, ಕೈಲಿರುವ ಕೆಲಸಕ್ಕೆ ಮರಳಿ.

6. ಕೊರಗು ಬಿಡದಿದ್ದರೆ
ಊಟ, ನಿದ್ದೆ ಕೆಟ್ಟರೆ, ಸಾಯುವ ಯೋಚನೆ ಬಂದರೆ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿಗೆ ಹೋಗುವುದು ನಂಬಿಕೆಯ ಕೊರತೆ ಎಂದುಕೊಳ್ಳಬೇಡಿ; ಕ್ಷಮಿಸುವ ದೇವರು ನೀವು ಬದುಕಬೇಕೆಂದೇ ಬಯಸುತ್ತಾನೆ.