ಕಾರ್ಮೆಲ್ ಬೆಟ್ಟದಿಂದ ಇಳಿದು ಬಂದವರು



ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ನನಗಾಗಿ ಕಾದು ನಿಂತಿದ್ದರು. ಬಿ.ಕಾಂ. ಮುಗಿಸಿದ ಮಗಳು ಕಾರ್ಮೆಲ್ ಏಕಾಂತ ಮಠ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. “ಶಾಲೆಯ ಸಿಸ್ಟರ್ ಆಗಲಿ, ಆಸ್ಪತ್ರೆಯ ಸಿಸ್ಟರ್ ಆಗಲಿ, ನಾನು ಬೇಡ ಅನ್ನುವುದಿಲ್ಲ ಫಾದರ್. ಕದ ಹಾಕಿಕೊಂಡು ಕೂತರೆ ಯಾರಿಗೆ ಏನು ಬಂತು?” ಎಂದು ಕಣ್ಣೊರೆಸಿಕೊಂಡರು. ಅವರ ಕೊರಳಲ್ಲಿ ಕಾರ್ಮೆಲ್ ಮಾತೆಯ ಕಂದು ಸ್ಕ್ಯಾಪುಲರ್ ಇತ್ತು. ನಮ್ಮಲ್ಲಿ ಅನೇಕರ ಕೊರಳಲ್ಲಿ ಅದಿದೆ. ಅದನ್ನು ನಮಗೆ ಕೊಟ್ಟ ಸಭೆಯ ಕಥೆ ಮಾತ್ರ ನಮಗೆ ಅಷ್ಟಾಗಿ ಗೊತ್ತಿಲ್ಲ.

ಆ ತಾಯಿ ಕೇಳಿದ ಪ್ರಶ್ನೆಯನ್ನು ಕಾರ್ಮೆಲ್ ಸಭೆಯವರು 800 ವರ್ಷಗಳಿಂದ ತಮ್ಮನ್ನೇ ಕೇಳಿಕೊಳ್ಳುತ್ತಾ ಬಂದಿದ್ದಾರೆ.

ಫ್ರಾನ್ಸಿಸ್ಕನ್ನರಿಗೆ ಸಂತ ಫ್ರಾನ್ಸಿಸರಿದ್ದಾರೆ, ಡೊಮಿನಿಕನ್ನರಿಗೆ ಸಂತ ದೋಮಿನಿಕರಿದ್ದಾರೆ. ಕಾರ್ಮೆಲಿಗೆ ಹೀಗೆ ಹೆಸರಿಸಬಹುದಾದ ಸ್ಥಾಪಕರಿಲ್ಲ. ಪವಿತ್ರ ನಾಡಿನಲ್ಲಿ, ಸಮುದ್ರಕ್ಕೆ ಚಾಚಿಕೊಂಡಿರುವ ಕಾರ್ಮೆಲ್ ಬೆಟ್ಟದ ಒಂದು ಕಣಿವೆಯಲ್ಲಿ, ಪ್ರವಾದಿ ಎಲೀಯನ ಹೆಸರಿನ ಊಟೆಯ ಬಳಿ ಕೆಲವು ಏಕಾಂತವಾಸಿಗಳು ಒಟ್ಟುಗೂಡಿದ್ದರು. 1206ರಿಂದ 1214ರ ಒಳಗೆ ಜೆರುಸಲೇಮಿನ ಪೇಟ್ರಿಯಾರ್ಕ್ ಸಂತ ಆಲ್ಬರ್ಟರು ಅವರಿಗೊಂದು ಚಿಕ್ಕ ನಿಯಮಾವಳಿಯನ್ನು ಬರೆದುಕೊಟ್ಟರು. ಒಬ್ಬೊಬ್ಬರಿಗೂ ಬೇರೆ ಬೇರೆ ಕೋಣೆ, ಕೋಣೆಗಳ ನಡುವೆ ಒಂದು ಪ್ರಾರ್ಥನಾಲಯ, ಹಗಲಿರುಳು ದೇವರ ವಾಕ್ಯದ ಧ್ಯಾನ, ಜೊತೆಗೆ ಕೈಕೆಲಸ. ಅವರ ಬದುಕು ಇಷ್ಟೇ.

ಆದರೆ ಬೆಟ್ಟದಲ್ಲಿ ನೆಮ್ಮದಿ ಉಳಿಯಲಿಲ್ಲ. ಯುದ್ಧದ ಭಯದಿಂದ 1238ರ ಸುಮಾರಿಗೆ ಅವರು ಸೈಪ್ರಸ್, ಸಿಸಿಲಿ, ಫ್ರಾನ್ಸ್, ಇಂಗ್ಲೆಂಡುಗಳತ್ತ ಹೊರಟರು. 1291ರಲ್ಲಿ ಆಕ್ರೆ ಪಟ್ಟಣ ಬಿದ್ದಾಗ ಬೆಟ್ಟದಲ್ಲಿದ್ದ ಅವರ ಬದುಕೂ ಮುಗಿಯಿತು. ಇತ್ತ ಯುರೋಪಿನಲ್ಲಿ ಈ ಬೆಟ್ಟದ ಸನ್ಯಾಸಿಗಳಿಗೆ ಅನ್ನ ಹಾಕುವವರಾರು? 1247ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟರು ನಿಯಮವನ್ನು ಸ್ವಲ್ಪ ಸಡಿಲಿಸಿ, ಪಟ್ಟಣಗಳಲ್ಲೂ ನೆಲೆಸಲು, ಒಟ್ಟಿಗೆ ಕುಳಿತು ಊಟಮಾಡಲು ಅನುಮತಿಸಿದರು. ಏಕಾಂತವಾಸಿಗಳು ಹೀಗೆ ಭಿಕ್ಷೆಯಿಂದ ಬದುಕುತ್ತಾ ಬೋಧಿಸುವ ಸನ್ಯಾಸಿಗಳಾದರು. ಅವರ ಪಟ್ಟೆ ಪಟ್ಟೆ ಮೇಲಂಗಿಯನ್ನು ಕಂಡು ಪ್ಯಾರಿಸಿನ ಜನ ನಗುತ್ತಿದ್ದರು. 1287ರಲ್ಲಿ ಅದನ್ನು ಬಿಟ್ಟು ಬಿಳಿ ಮೇಲಂಗಿ ತೊಟ್ಟರು. 1274ರ ಲಿಯೋನ್ಸ್ ಮಹಾಸಭೆಯಲ್ಲಿ ಸಭೆಯೇ ರದ್ದಾಗುವ ಹಂತಕ್ಕೆ ಬಂದಿತ್ತು. ಪೂರ್ಣ ಮಾನ್ಯತೆ ಸಿಕ್ಕಿದ್ದು 1298ರಲ್ಲಿ.

ಪಟ್ಟಣಕ್ಕೆ ಇಳಿದದ್ದು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಸಭೆಯ ಮಹಾಶ್ರೇಷ್ಠರಾಗಿದ್ದ ಫ್ರಾನ್ಸಿನ ನಿಕೋಲಾಸ್ ‘ಬೆಂಕಿಯ ಬಾಣ’ ಎಂಬ ಪತ್ರದಲ್ಲಿ, ಕೋಣೆ ಬಿಟ್ಟು ಬೀದಿ ಸುತ್ತುವ ತಮ್ಮ ಸೋದರರನ್ನು ಕಟುವಾಗಿ ಗದರಿದರು. ಬೀದಿಯ ಬಡವರಿಗೂ ಬೋಧಕರು ಬೇಕಿತ್ತಲ್ಲ ಎಂದು ನನಗನ್ನಿಸುತ್ತದೆ. ಆದರೂ ಅವರ ನೋವು ಸುಳ್ಳಲ್ಲ.

ಸ್ತ್ರೀಯರಿಗೆ ಬಾಗಿಲು ತೆರೆದದ್ದು 1452ರಲ್ಲಿ, ಪೋಪ್ ಐದನೇ ನಿಕೋಲಾಸರ ಆಜ್ಞಾಪತ್ರದಿಂದ. ಸ್ಪೇನಿನ ಆವಿಲಾದಲ್ಲಿದ್ದ ಅಂಥ ಒಂದು ಮಠವನ್ನು ತೆರೇಸಾ ಎಂಬ ತರುಣಿ 1535ರಲ್ಲಿ ಸೇರಿದಳು. ಅಲ್ಲಿ ನೂರಕ್ಕೂ ಹೆಚ್ಚು ಮಂದಿ. ಸಿರಿವಂತರ ಹೆಣ್ಣುಮಕ್ಕಳಿಗೆ ಸ್ವಂತ ಕೋಣೆಗಳು, ಬಡವರಿಗೆ ಒಂದೇ ದೊಡ್ಡ ಹಜಾರ, ಇಡೀ ದಿನ ಮಾತನಾಡಿಸಲು ಬರುವ ನೆಂಟರಿಷ್ಟರು. ತೆರೇಸಾ ಅಲ್ಲಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಇದ್ದರು. 1562ರ ಆಗಸ್ಟ್ 24ರಂದು, 47ರ ವಯಸ್ಸಿನಲ್ಲಿ, ಸಂತ ಜೋಸೆಫರ ಹೆಸರಿನ ಪುಟ್ಟ ಮಠವನ್ನು ತೆರೆದರು. ಕೆಲವೇ ಸಹೋದರಿಯರು, ಕಾಲಿಗೆ ನಾರಿನ ಚಪ್ಪಲಿ, ನಿಶ್ಚಿತ ಆದಾಯವಿಲ್ಲ. ಊರಿನ ದೊಡ್ಡವರು ಮಠವನ್ನು ಮುಚ್ಚಿಸಲು ಹೊರಟರು. ಇನ್ನೊಂದು ಮಠಕ್ಕೆ ಅನ್ನ ಹಾಕಬೇಕಾದೀತೆಂಬ ಭಯ!

ಏಕಾಂತವನ್ನು ಬಯಸಿದ ಈ ತಾಯಿ ಮುಂದೆ ಹಲವು ವರ್ಷ ಗಾಡಿಯಲ್ಲಿ ಸ್ಪೇನಿನ ದಾರಿಗಳನ್ನು ಸವೆಸಿದರು. ಅವರ ಕಾಲದಲ್ಲಿ ಕನ್ಯಾಸ್ತ್ರೀಯರ 17 ಮಠಗಳು ಸ್ಥಾಪನೆಯಾದವು. ಧರ್ಮಸಭೆ ಒಡೆದು ಹೋಗುತ್ತಿದ್ದ ಆ ದಿನಗಳಲ್ಲಿ, ಬೋಧಿಸುವ ಗುರುಗಳಿಗಾಗಿ ಪ್ರಾರ್ಥಿಸುವುದೇ ನಿಮ್ಮ ಕೆಲಸವೆಂದು ಅವರು ಸಹೋದರಿಯರಿಗೆ ಕಲಿಸಿದರು. ಗುರುವಾದ ನಾನು ಈ ಮಾತನ್ನು ಸಾಲಗಾರನಂತೆ ಓದುತ್ತೇನೆ.

ಇನ್ನು ಮರೆಮಾಚಬಾರದ ಒಂದು ಸಂಗತಿ. ಸುಧಾರಣೆಯಲ್ಲಿ ತೆರೇಸಾರಿಗೆ ಹೆಗಲು ಕೊಟ್ಟ ಶಿಲುಬೆಯ ಸಂತ ಯೋವಾನ್ನರನ್ನು 1577ರ ಡಿಸೆಂಬರ್ 2ರ ರಾತ್ರಿ ಹಿಡಿದೊಯ್ದವರು ಅವರದೇ ಸಭೆಯವರು. ತೊಲೇದೊ ಪಟ್ಟಣದ ಮಠದ ಇಕ್ಕಟ್ಟಾದ ಕತ್ತಲೆ ಕೋಣೆಯಲ್ಲಿ ಸುಮಾರು ಒಂಬತ್ತು ತಿಂಗಳು ಕೂಡಿಹಾಕಿದರು, ಚಾಟಿಯಿಂದ ಹೊಡೆದರು. ಆ ಕತ್ತಲಲ್ಲೇ ಅವರು ದೇವರನ್ನು ಪ್ರಿಯತಮನೆಂದು ಹಾಡುವ ಕವಿತೆಗಳನ್ನು ಕಟ್ಟಿದರು. 1578ರ ಆಗಸ್ಟಿನಲ್ಲಿ ಹೊದಿಕೆಯ ಪಟ್ಟಿಗಳನ್ನು ಗಂಟುಹಾಕಿ ಕೆಳಗಿಳಿದು ಪಾರಾದರು. 1593ರಲ್ಲಿ ‘ಬರಿಗಾಲಿನ’ ಕಾರ್ಮೆಲಿಗಳು ಪ್ರತ್ಯೇಕ ಸಭೆಯಾದರು. ಎರಡು ಸಭೆಗಳೂ ಇಂದಿಗೂ ಇವೆ.

ನಮ್ಮ ನಾಡಿನ ಕಥೆಗೆ ಬರೋಣ. ಮಂಗಳೂರಿನ ಧರ್ಮಾಧ್ಯಕ್ಷರಾಗಿದ್ದ ಮರಿ ಎಫ್ರೆಮ್ ಸ್ವತಃ ಬರಿಗಾಲಿನ ಕಾರ್ಮೆಲಿ. ಅವರಿಗೆ ಶಾಲೆ ನಡೆಸುವ ಸಿಸ್ಟರುಗಳೂ ಬೇಕಿದ್ದರು, ಏಕಾಂತದಲ್ಲಿ ಪ್ರಾರ್ಥಿಸುವವರೂ ಬೇಕಿದ್ದರು. 1870ರಲ್ಲಿ ಫ್ರಾನ್ಸಿನಿಂದ ಇಬ್ಬರೂ ಬಂದರು. ಏಕಾಂತ ಮಠಕ್ಕೆಂದು ಮೊದಲು ಹೊರಟ ತಂಡದಲ್ಲಿ ಮೂವರು ಮಂಗಳೂರು ಸೇರುವ ಮೊದಲೇ ತೀರಿಕೊಂಡರು. ಉಳಿದವರಲ್ಲಿ ಮರಿಯಂ ಬವಾರ್ದಿ ಎಂಬ ಅನಾಥೆಯೊಬ್ಬಳಿದ್ದಳು. ಅವಳು ಹುಟ್ಟಿದ್ದು ಗಲಿಲೇಯದ ಇಬಿಲ್ಲಿನ್ ಹಳ್ಳಿಯಲ್ಲಿ, ಕಾರ್ಮೆಲ್ ಬೆಟ್ಟಕ್ಕೆ ಹೆಚ್ಚು ದೂರವಿಲ್ಲದ ಊರು. ಸಭೆ ಹುಟ್ಟಿದ ನೆಲದ ಆ ಹುಡುಗಿ 1871ರ ನವೆಂಬರ್ 21ರಂದು ವ್ರತ ತೊಟ್ಟದ್ದು ನಮ್ಮ ಮಂಗಳೂರಿನಲ್ಲಿ!

ಆದರೆ ಅವಳ ದೈವಾನುಭವಗಳನ್ನು ಇಲ್ಲಿ ಯಾರೂ ಅರ್ಥಮಾಡಿಕೊಳ್ಳಲಿಲ್ಲ. ಹಿರಿಯರು ಸಂಶಯಪಟ್ಟು 1872ರಲ್ಲಿ ಅವಳನ್ನು ಫ್ರಾನ್ಸಿಗೆ ಹಿಂದಕ್ಕೆ ಕಳುಹಿಸಿದರು. ಅವಳು ಸಭೆ ಬಿಡಲಿಲ್ಲ. 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಅಲ್ಲಿ ಕಾರ್ಮೆಲ್ ಮಠ ಕಟ್ಟಿಸುವುದರಲ್ಲಿ ತೊಡಗಿದಳು. 1878ರ ಆಗಸ್ಟಿನಲ್ಲಿ ಕಟ್ಟಡದ ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುವಾಗ ಬಿದ್ದು ಕೈ ಮುರಿಯಿತು. ಗಾಯ ಕೊಳೆತು ಕೆಲವೇ ದಿನಗಳಲ್ಲಿ ತೀರಿಕೊಂಡಳು. 2015ರ ಮೇ 17ರಂದು ಪೋಪ್ ಫ್ರಾನ್ಸಿಸರು ಅವಳನ್ನು ಸಂತಳೆಂದು ಘೋಷಿಸಿದರು.

ಇದನ್ನೆಲ್ಲ ಆ ತಾಯಿಗೆ ಹೇಳಿದೆ. ನೀರು ಒಯ್ಯುತ್ತಿದ್ದ ವಿಷಯ ಬಂದಾಗ, “ಹಾಗಾದರೆ ಮಠದೊಳಗೂ ಕೆಲಸ ಇರುತ್ತದೆ ಅನ್ನಿ” ಎಂದರು. ಮಗಳಿಗೆ ಒಪ್ಪಿಗೆಯನ್ನು ಇನ್ನೂ ಕೊಟ್ಟಿಲ್ಲ. ಮುಂದಿನ ಭಾನುವಾರ ಅವಳನ್ನೂ ಕರೆದುಕೊಂಡು ಬರುತ್ತೇನೆ ಎಂದಿದ್ದಾರೆ.